ನಿನ್ನ ಲಂಗಕ್ಕೆ ಬಂದ ಕಾಯಕಲ್ಪ

ಕಲಂಗುಟ್, ಡಿಸೆಂಬರ್ ೧೯೯೩

ಯಾಡೀ, ನನ್ನವ್ವಾ,

ನೀನು ತೀರಿಕೊಂಡ ಮೇಲೂ ದಿನದ ಸುದ್ದಿ ನಿನಗೆ ಹೇಳುವ ಚಾಳಿ ಹೋಗಿಲ್ಲ. ಇವತ್ತು ಬೀಚಿನಲ್ಲಿ ಧಾರವಾಡದ ಮಾಸ್ತರರೊಬ್ಬರು ಹೆಂಡತಿಗೆಂದು ನನ್ನ ಚೀಲವೊಂದನ್ನು ಕೊಂಡರು. ನಿನ್ನ ಮದುವೆಯ ಲಂಗ ಕತ್ತರಿಸಿ, ಆ ಕನ್ನಡಿ ಕಸೂತಿಯ ತುಂಡುಗಳನ್ನು ಹೊಸ ಬಟ್ಟೆಗೆ ಹಚ್ಚಿ ಹೊಲಿದ ಚೀಲ.

"ಹಳೇ ಬಟ್ಟಿಗೆ ಕಾಯಕಲ್ಪ ಮಾಡೀರಿ ನೋಡ್ರಿ," ಅಂದರು.

"ಹಂಗಂದ್ರ ಏನ್ರಿ?"

"ಮುಪ್ಪಾದ ಮೈಗೆ ಹರೇದ ಕಸುವು ತಿರುಗಿ ಬರೋದಕ್ಕ ಹಂಗಂತಾರ್ರಿ."

"ಮನಷ್ಯಾರಿಗೂ ಮಾಡ್ತಾರೇನ್ರಿ?"

ಅವರು ನಕ್ಕರು. "ಮಾತು ಹುಟ್ಟಿದ್ದು ಮನಷ್ಯಾರಿಗಂತನ. ಈಗ ಕೆರಿಗೆ, ಗುಡಿಗೆ, ಬಸ್‌ಸ್ಟ್ಯಾಂಡಿಗೆ ಅಂತಾರ."

ಕೊನೆಯ ಎರಡು ಮಳೆಗಾಲ ನೀನು ಚಾಪೆಯಿಂದ ಏಳಲಿಲ್ಲ. ಗೋಡೆ ಹಿಡಿಸಿ ನಿಲ್ಲಿಸಿದರೂ ಕುಸಿಯುತ್ತಿದ್ದೆ.

ಮಾಸ್ತರರ ಹೆಂಡತಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ನೀರಿನತ್ತ ನಡೆದರು. ಕನ್ನಡಿಗಳು ಬಿಸಿಲಿಗೆ ಹೊಳೆದವು, ನೀನು ಆ ಲಂಗ ಉಟ್ಟು ಕುಣಿಯುವಾಗ ಹೊಳೆಯುತ್ತಿದ್ದಂತೆಯೇ. ಕೂಗಿ ಕರೆಯಬೇಕೆನಿಸಿತು. ಕರೆದು ಏನೆನ್ನಲಿ?

ಉಳಿದರ್ಧ ಲಂಗ ಪೆಟ್ಟಿಗೆಯಲ್ಲಿದೆ. ನಾಳೆಯ ಚೀಲಕ್ಕೆ ಹಚ್ಚಲು ಬೇರೆ ಕಸೂತಿ ಇಲ್ಲ, ಯಾಡಿ.

ನಿನ್ನ ಮಂಗಿ