ಎಂಬತ್ನಾಲ್ಕು ಹಲ್ಲಿನ ಚಕ್ರ

ಮಂಗಳವಾರ, ಮಾರ್ಚ್ ೧೪
ವರ್ಕ್‌ಶಾಪಿನಿಂದ, ಬೆಳಗ್ಗೆ

ನನ್ನ ಮೊಂಡ ತಮ್ಮನಿಗೆ ಅಕ್ಕನ ಪ್ರೀತಿ.

ಕ್ಷೇಮ ಸಮಾಚಾರ ಆಮೇಲೆ. ಈ ಕಾಗದ ಕೈಗೆ ಬಂದ ತಕ್ಷಣ ಬಾವಿಯ ಬಕೆಟ್ ಎಳೆಯುವ ವಿಂಚ್ ನಿಲ್ಲಿಸೆಂದು ಮೇಲಕ್ಕೆ ಕೂಗು. ಬಕೆಟ್ಟಿನಲ್ಲಿ ಯಾರನ್ನೂ ಹತ್ತಿಸಬೇಡ, ನೀನೂ ಹತ್ತಬೇಡ. ಕೂಗಿ ಬಂದು ಉಳಿದದ್ದು ಓದು.

ಕೂಗಿದೆಯಾ? ಸರಿ. ಉತ್ತರ ತಡವಾದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ನಿನ್ನ ಕಾಗದ ಬಂದಾಗ ನಾನು ಜ್ವರದಲ್ಲಿ ಮಲಗಿದ್ದೆ. ನಿನ್ನ ಭಾವ ಓದಿ ಹೇಳಿದರು, ನಾನು ಅರೆನಿದ್ದೆಯಲ್ಲಿ ಹೂಂ ಅಂದೆ. ಬಾವಿ ತೋಡುವ ಕೆಲಸ ಬಂಡೆಯವರೆಗೆ ಇಳಿದಿದೆ, ನಮ್ಮ ವರ್ಕ್‌ಶಾಪ್ ಕಳಿಸಿದ ದೊಡ್ಡ ಚಕ್ರವನ್ನು ವಿಂಚಿಗೆ ಕೂರಿಸಿದೆ, ಮೋಟಾರನ್ನು ಸ್ವಲ್ಪ ಹತ್ತಿರ ಸರಿಸಬೇಕಾಯಿತು ಅಷ್ಟೆ ಎಂದು ನೀನು ಬರೆದಿದ್ದೆ. ಆಮೇಲೆ ನಿನ್ನ ಎಂದಿನ ತಮಾಷೆ. ಚಕ್ರ ಟಕ್ ಎನ್ನುವ ಕಡೆ ಸೀಮೆಸುಣ್ಣ ಹಚ್ಚಿ ನೋಡಿದೆ, ದಿನವಿಡೀ ಓಡಿದರೂ ಅದೇ ಮೂರು ಹಲ್ಲುಗಳ ಮೇಲೇ ಸದ್ದು, ಇದಕ್ಕೆ ಮನುಷ್ಯರಿಗಿಂತ ನಿಯತ್ತು ಜಾಸ್ತಿ ಅಕ್ಕ, ಎಂದು.

ನಿನ್ನೆ ಮೈ ಹಗುರಾಗಿ ಎದ್ದು ಕೂತವಳು ಆ ಸಾಲನ್ನು ನಾನೇ ಓದಿದೆ. ನಗು ಬರಲಿಲ್ಲ.

ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ಅಪ್ಪ ಒಂದು ಸಂಖ್ಯೆ ಹೇಳುತ್ತಿದ್ದರು. ನಾವಿಬ್ಬರೂ ಜಿದ್ದಿಗೆ ಬಿದ್ದು ಅದನ್ನು ಗುಣಾಕಾರದ ತುಂಡುಗಳಾಗಿ ಒಡೆಯುತ್ತಿದ್ದೆವು. ಇನ್ನು ಒಡೆಯಲಾಗದ ತುಂಡುಗಳು ಉಳಿಯುವವರೆಗೆ ತುತ್ತು ಎತ್ತುವಂತಿರಲಿಲ್ಲ. ನಿನ್ನ ಊಟ ಯಾವಾಗಲೂ ಆರಿಹೋಗುತ್ತಿತ್ತು. ಈಗಲೂ ಒಡೆ. ನಿನ್ನ ಮೋಟಾರಿನ ಚಿಕ್ಕ ಚಕ್ರಕ್ಕೆ ಇಪ್ಪತ್ತೆಂಟು ಹಲ್ಲು: ಎರಡು, ಎರಡು, ಏಳು. ಹಳೆಯ ದೊಡ್ಡ ಚಕ್ರಕ್ಕೆ ಎಂಬತ್ತೈದು ಇತ್ತು: ಐದು, ಹದಿನೇಳು. ಎರಡರಲ್ಲೂ ಇರುವ ತುಂಡು ಒಂದೂ ಇಲ್ಲ. ಹಾಗಾಗಿ ಚಿಕ್ಕದರ ಪ್ರತಿ ಹಲ್ಲೂ ಸರದಿಯ ಮೇಲೆ ದೊಡ್ಡದರ ಎಲ್ಲ ಹಲ್ಲುಗಳನ್ನೂ ಮುಟ್ಟಿ ಬರುತ್ತಿತ್ತು, ಪೆಟ್ಟು ಎಲ್ಲಕ್ಕೂ ಹಂಚಿಹೋಗುತ್ತಿತ್ತು. ನಾವು ಕಳಿಸಿದ್ದಕ್ಕೆ ಎಂಬತ್ನಾಲ್ಕೇ ಹಲ್ಲು. ಒಡೆದು ನೋಡು, ಇಪ್ಪತ್ತೆಂಟರ ತುಂಡುಗಳೆಲ್ಲ ಅದರೊಳಗಿವೆ, ಜೊತೆಗೆ ಒಂದು ಮೂರು. ನಿನ್ನ ಚಿಕ್ಕ ಚಕ್ರದಲ್ಲಿ ಮೊದಲಿಂದಲೂ ಮುಕ್ಕಾದ ಹಲ್ಲೊಂದಿದೆಯಲ್ಲ, ಅದು ಸುತ್ತಿ ಸುತ್ತಿ ಅದೇ ಮೂರು ಹಲ್ಲುಗಳನ್ನು ಕುಟ್ಟುತ್ತಿದೆ. ನೀನು ನಿಯತ್ತು ಎಂದದ್ದು ಇದನ್ನೇ ಕಣೋ. ಅವುಗಳಲ್ಲಿ ಒಂದು ಮುರಿದ ಗಳಿಗೆಯಲ್ಲಿ ಬಕೆಟ್ಟಿನಲ್ಲಿ ನೀನಿದ್ದರೆ?

ನಿನ್ನ ಹತ್ತಿರ ಫೋನಿಲ್ಲವಲ್ಲ, ನಿನ್ನೆಯೇ ನಿಮ್ಮ ಮೇಸ್ತ್ರಿಗೆ ಫೋನ್ ಮಾಡಿದೆ. ನೀನು ಕೆಳಗಿದ್ದೀಯೆಂದರು. ವಿಷಯ ಹೇಳಿದರೆ, "ಒಂದು ಹಲ್ಲು ಕಮ್ಮಿಯಾದ್ರೆ ಏನಮ್ಮಾ ಆಗುತ್ತೆ? ನನ್ನ ಬಾಯಲ್ಲೇ ನಾಲ್ಕಿಲ್ಲ," ಎಂದು ನಕ್ಕು ಇಟ್ಟುಬಿಟ್ಟರು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅದಕ್ಕೇ ಲಾರಿ ಕಳಿಸುತ್ತಿದ್ದೇನೆ. ಕಾಗದವನ್ನು ಹಗ್ಗಕ್ಕೆ ಕಟ್ಟಿ ಇಳಿಸಲು ಡ್ರೈವರಿಗೆ ಹೇಳಿದ್ದೇನೆ. ಇಲ್ಲಿ ಫೋನ್ ಸದ್ದು ಮಾಡಿದರೆ ನಿನ್ನ ಭಾವನೇ ಎತ್ತಬೇಕು, ನನ್ನಿಂದಾಗುವುದಿಲ್ಲ.

ಚಕ್ರ ಕೊರೆದವರು ಯಾರು ಎಂದು ಕೇಳುತ್ತೀಯೆಂದು ಗೊತ್ತು. ನಮ್ಮ ವರ್ಕ್‌ಶಾಪಿನವರೇ ಒಬ್ಬರು. ಸದ್ಯಕ್ಕೆ ಬೈಯಬೇಡ.

ನೀನು ನೂರು ವರ್ಷ ಬಾಳು. ಮನೆಗೆ ಬಾ, ನಿನ್ನ ಊಟ ಇನ್ನೂ ಸಾವಿರ ಸಲ ಆರಿಹೋಗಲಿ. ಬಿಸಿ ಮಾಡಿಕೊಡಲು ನಾನಿದ್ದೇನೆ.

ನಿನ್ನ ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಚಕ್ರ ಕೊರೆದವರು ಅಪ್ಪ. ನಿನ್ನ ವಿಂಚಿಗೆ ಎಂದು ತಿಳಿದು ಬೇರೆಯವರಿಗೆ ಮುಟ್ಟಲೂ ಬಿಡಲಿಲ್ಲ. ತಮ್ಮ ಕೈಯದೆಂದು ಗೊತ್ತಾದರೆ ನೀನು ವಾಪಸು ಕಳಿಸುತ್ತೀಯೆಂದು, ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಎಂಬತ್ತೈದು ಹಲ್ಲನ್ನು ಸಮವಾಗಿ ಕೊರೆಯಲು, ಹಲ್ಲುಗಳ ಅಂತರ ಹಂಚಿಕೊಡುವ ಹದಿನೇಳು ತೂತಿನ ಪ್ಲೇಟು ಬೇಕು. ಅಪ್ಪನೊಡನೆ ಜಗಳವಾಡಿ ಹೋಗುವಾಗ ನಿನ್ನ ಪಾಲೆಂದು ನೀನು ಒಯ್ದದ್ದು ಅದನ್ನೇ. ನಿನ್ನನ್ನು ಕೇಳಲು ಮನಸ್ಸೊಪ್ಪದೆ, ಇದ್ದ ಇಪ್ಪತ್ತೊಂದರ ಪ್ಲೇಟಿನಲ್ಲಿ ಎಂಬತ್ನಾಲ್ಕು ಕೊರೆದಿದ್ದಾರೆ. ನಮಗೆ ಒಡೆಯುವುದನ್ನು ಕಲಿಸಿದವರು ಈ ಸಲ ತಾವೇ ಒಡೆದು ನೋಡಲಿಲ್ಲ. ನಿನ್ನೆ ನಾನು ತೋರಿಸಿದಾಗ "ಇಪ್ಪತ್ತೆಂಟು ಮೂರಲಿ..." ಎಂದವರು ಮುಗಿಸಲಿಲ್ಲ. ಕನ್ನಡಕ ತೆಗೆದಿಟ್ಟು, "ಅವನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು," ಎಂದರು.

ಲಾರಿಯಲ್ಲಿ ಡ್ರೈವರ್ ಪಕ್ಕ ಅಪ್ಪ ಕೂತಿದ್ದಾರೆ. ಪ್ಲೇಟು ಕೇಳಲು ಬರುತ್ತಿದ್ದಾರೆ. ನೀನು ಇದನ್ನು ಓದುವಾಗ ಬಾವಿಯ ಅಂಚಿನಲ್ಲಿ ನಿಂತಿರುತ್ತಾರೆ. ಅಪ್ಪ ಬಂದರೆಂದು ಅವಸರಕ್ಕೆ ಬಕೆಟ್ ಹತ್ತಿಬಿಡಬೇಡ. ಏಣಿ ಹಿಡಿದು, ನಿಧಾನವಾಗಿ ಬಾ. ಅವರು ಕಾಯುತ್ತಾರೆ.