ಕುತ್ತಿಗೆ ಉಳುಕು, ಆಡಬಹುದು

ಜನವರಿ 12, ಸೋಮವಾರ. ಬೆಳಿಗ್ಗೆ 9

ಮೂವತ್ತೆಂಟು ಪಾದಗಳಿಗೆ ಟೇಪ್ ಸುತ್ತಿದ್ದಾಯಿತು. ಹೆಬ್ಬೆರಳು ನೋಯುತ್ತಿದೆ. ವಾಕಡದ ಈ ಬಾಡಿಗೆ ಮೈದಾನಕ್ಕೆ ವಾಕಿಂಗ್ ಬರುವವರೆಲ್ಲ ಬೇಲಿ ಹತ್ತಿರ ನಿಂತು ಕೇಳುತ್ತಾರೆ, ಇದು ರಗ್ಬಿಯಾ ಅಂತ. ಮ್ಯಾನೇಜರ್ ಅಮೇಯ ಈಗ ವಿವರಿಸುವುದನ್ನೇ ಬಿಟ್ಟಿದ್ದಾರೆ. ಮರಾಠಿಯಲ್ಲಿ ‘ಹೋ’, ಹೌದು, ಅಂದು ಮುಂದೆ ಹೋಗುತ್ತಾರೆ.

ಇದು ಅಮೆರಿಕನ್ ಫುಟ್‌ಬಾಲ್, ಹೆಲ್ಮೆಟ್ ಹಾಕಿ ಮೈಗೆ ಮೈ ಬಡಿದು ಆಡುವ ಆಟ. ಅಮೆರಿಕದ ಲೀಗ್ ಹೊರದೇಶಗಳಲ್ಲಿ ಟೀಮ್ ಕಟ್ಟುತ್ತಿದೆ. ಪುಣೆ ಇನ್ನೂ ಪಕ್ಕಾ ಅಲ್ಲ. ಮಾರ್ಚ್ 15ಕ್ಕೆ ಪ್ರದರ್ಶನ ಪಂದ್ಯ. ಅಲ್ಲಿಯ ದೊಡ್ಡವರು ಬಂದು ನೋಡಿ ತೀರ್ಮಾನಿಸುತ್ತಾರೆ. “ಟೀಮ್ ಪಕ್ಕಾ ಆದ್ರ ಫಿಸಿಯೊ ಅಂತ ನಿಮ್ಮ ಹೆಸರs ಅದ ನೋಡ್ರಿ, ಅನುಜಾ,” ಅಂದರು ಅಮೇಯ. ಮನೆಯಲ್ಲಿ ಕನ್ನಡ ಆಡುವವರು, ನನ್ನೊಂದಿಗೆ ಮಾತ್ರ ಇಲ್ಲೂ ಆಡುತ್ತಾರೆ.

ಸದಾಶಿವ ಪೇಠದ ಕ್ಲಿನಿಕ್‌ನಲ್ಲಿ ಹನ್ನೊಂದು ವರ್ಷ ಅಜ್ಜಂದಿರ ಮೊಣಕಾಲು ನೋಡಿದ್ದೇನೆ. ಒಂದು ಟೀಮಿಗೆ ಫಿಸಿಯೊ ಆಗಬೇಕೆಂಬುದು ಕಾಲೇಜಿನ ಕಾಲದ ಆಸೆ. ಯಾರಿಗೂ ಹೇಳಿರಲಿಲ್ಲ.

ಫೆಬ್ರವರಿ 4

ಜಟ್ಟೆಪ್ಪ ಎಲ್ಲರಿಗಿಂತ ಮೊದಲು ಬರುತ್ತಾನೆ. ಅಥಣಿ ಕಡೆಯವನು, ಕುಸ್ತಿ ಆಡಿದ ಮೈ. ಚಾಕಣದ ಕಾರ್ಖಾನೆಗೆ ಎರಡು ತಿಂಗಳು ರಜೆ ಹಾಕಿದ್ದಾನೆ. ಚೆಂಡು ಮುಟ್ಟುವುದು ಅವನ ಕೆಲಸವಲ್ಲ. ಎದುರಿಗಿನ ಗೋಡೆಯಂಥ ಸಾಲನ್ನು ಒಡೆದು ನುಗ್ಗಬೇಕು, ಅಷ್ಟೇ.

“ಕುಸ್ತ್ಯಾಗ ಒಬ್ಬಾವನ ಇರ್ತಾನ್ರಿ ಅಕ್ಕಾರ. ಇದು ಊರಿಗೂರs ಕೂಡಿ ಕುಸ್ತಿ ಹಿಡಿದಂಗ ಅದ.”

ಒಹಾಯೋದಿಂದ ಬಂದ ಕೋಚ್‌ಗೆ ಇವನ ಮೇಲೆ ಕಣ್ಣು. ಅವರ ಪಟ್ಟಿಯಲ್ಲಿ ಮೊದಲ ಹೆಸರು.

ಮಾರ್ಚ್ 10, ಮಂಗಳವಾರ

ಅಭ್ಯಾಸಕ್ಕೆ ಎರಡು ಟೀಮ್ ಮಾಡಿ ಆಡುವಾಗ ಹೆಲ್ಮೆಟ್‌ಗೆ ಹೆಲ್ಮೆಟ್ ಬಡಿಯಿತು. ಜಟ್ಟೆಪ್ಪ ಬಿದ್ದ. ತಾನೇ ಎದ್ದ. ಎದ್ದವನು ಎದುರು ಟೀಮಿನ ಬೆಂಚಿಗೆ ಹೋಗಿ ಕುಳಿತ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೋಚ್ ಆ ಕೊನೆಯಲ್ಲಿದ್ದರು, ನೋಡಲಿಲ್ಲ.

ಇವತ್ತು ಯಾವ ವಾರ ಎಂದು ಕೇಳಿದೆ. ಶನಿವಾರ ಅಂದ.

ನಿಯಮ ಸ್ಪಷ್ಟ. ಇಂಥ ಪೆಟ್ಟು ಬಿದ್ದರೆ ಫಾರ್ಮ್ ತುಂಬಬೇಕು. ಡಾಕ್ಟರ್ ಒಪ್ಪುವವರೆಗೆ ಮೈದಾನ ಬಂದ್. ಅಂದರೆ ಭಾನುವಾರದ ಪಂದ್ಯವಿಲ್ಲ.

“ಬರೀಬ್ಯಾಡ್ರಿ ಅಕ್ಕಾರ. ಅವರು ನೋಡಾಕ ಬರೂದು ಒಮ್ಮೆ.”

“ಇದು ತಲಿ ಅದ ಜಟ್ಟೆಪ್ಪ, ಮೊಣಕಾಲಲ್ಲ.”

“ಕುಸ್ತ್ಯಾಗ ಇಂಥಾವು ಎಷ್ಟ ಬಂದು ಹೋದೂವ್ರಿ.”

ಅಮೇಯ ಫೋನ್ ಮಾಡಿದರು. ಅವನು ಇಲ್ಲದಿದ್ದರೆ ನಮ್ಮ ಸಾಲೇ ಇಲ್ಲ ಅಂದರು. ಸುಳ್ಳು ಬರೆಯಿರಿ ಅನ್ನಲಿಲ್ಲ. “ನೀವ ನೋಡ್ರಿ. ನಿಮಗ ತಿಳೀತದ,” ಅಂದರು, ಅಷ್ಟೇ.

ಬರೆದೆ: ಕುತ್ತಿಗೆ ಉಳುಕು. ಎರಡು ದಿನ ವಿಶ್ರಾಂತಿ. ನಂತರ ಆಡಬಹುದು.

ಯಾರೂ ಬಲವಂತ ಮಾಡಲಿಲ್ಲ. ಇದನ್ನು ಇಲ್ಲಾದರೂ ಸರಿಯಾಗಿ ಬರೆಯಬೇಕು.

ಮಾರ್ಚ್ 14

ಮತ್ತೆ ಪರೀಕ್ಷಿಸಿದೆ. ವಾರ, ತಿಂಗಳು, ಎಣಿಕೆ — ಎಲ್ಲ ಸರಿ ಹೇಳಿದ. ತಲೆನೋವು? “ಇಲ್ರಿ.” ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡೇ ಮಾತಾಡುತ್ತಿದ್ದ. ನೋಡಿದೆ. ನೋಡಿಯೂ ಫಿಟ್ ಎಂದು ಸಹಿ ಹಾಕಿದೆ.

ಮಾರ್ಚ್ 15

ಇವತ್ತು ಬರೆಯಲಾಗುವುದಿಲ್ಲ.

ಮಾರ್ಚ್ 23

15ರ ಪಂದ್ಯ, ಮೂರನೇ ಕ್ವಾರ್ಟರ್. ಅಂಥ ದೊಡ್ಡ ಪೆಟ್ಟೇನಲ್ಲ. ಎದುರಿನವನ ಭುಜ ತಾಗಿತು, ಜಟ್ಟೆಪ್ಪನ ತಲೆ ಹಿಂದಕ್ಕೆ ಹೋಯಿತು. ಎದ್ದು ನಿಂತ. ನನ್ನ ಕಡೆ ನಾಲ್ಕು ಹೆಜ್ಜೆ ಬಂದ. ಮಂಡಿಯೂರಿದ.

ಮೆದುಳಲ್ಲಿ ಬಾವು. ಅವತ್ತೇ ಆಪರೇಷನ್. ಉಸಿರು ಮಷಿನ್ ಮೇಲೆ... ಆರು ದಿನ. ಈಗ ಕಣ್ಣು ಬಿಡುತ್ತಾನೆ.

ಅವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ಕೋಚ್ ನನ್ನನ್ನು ಕೇಳಿದರು, ಈ ವಾರ ಇದಕ್ಕೂ ಮೊದಲು ತಲೆಗೆ ಪೆಟ್ಟು ಬಿದ್ದಿತ್ತೇ ಎಂದು. ಮೆಲ್ಲಗೆ ಕೇಳಿದರು. ಹೇಳಬಹುದಿತ್ತು.

‘ನೋ’ ಅಂದೆ.

ಏಪ್ರಿಲ್ 9, ಗುರುವಾರ

ಲೀಗ್‌ನಿಂದ ಮೇಲ್. ಪುಣೆ ಇಲ್ಲ. ಪ್ರಯಾಣ ದೂರ, ಟಿವಿಯ ಹೊತ್ತು ಹೊಂದುವುದಿಲ್ಲ. ಆತಿಥ್ಯಕ್ಕೆ ಧನ್ಯವಾದ. ಹೆಲ್ಮೆಟ್‌ಗಳನ್ನು ಪೆಟ್ಟಿಗೆಗೆ ತುಂಬಿ ಒಯ್ದರು.

ಮೇಲ್‌ನ ಕೊನೆಗೆ ಅವರು ನಡೆಸಿದ ವಿಚಾರಣೆಯ ವರದಿ, ಅರ್ಧ ಪುಟ. ಆಟಗಾರನು ಕುಸ್ತಿಯ ಹಳೆಯ ಗಾಯವನ್ನು ಮುಚ್ಚಿಟ್ಟಿರುವ ಸಾಧ್ಯತೆ ಇದೆ. ತಂಡದ ದಾಖಲೆಯಲ್ಲಿ ತಲೆಯ ಪೆಟ್ಟು ಯಾವುದೂ ಇಲ್ಲ.

ತಂಡದ ದಾಖಲೆ ಅಂದರೆ ನನ್ನ ಅಕ್ಷರ.

ಏಪ್ರಿಲ್ 13

ಆಸ್ಪತ್ರೆಗೆ ಹೋಗಿದ್ದೆ. ಜಟ್ಟೆಪ್ಪನಿಗೆ ಎಡಗೈ ಎತ್ತಲಾಗುವುದಿಲ್ಲ. ಮಾತು ತಡವರಿಸುತ್ತದೆ. ಹೆಂಡತಿ ಭವ್ಯಶ್ರೀ ಗಂಜಿ ಕುಡಿಸುತ್ತಿದ್ದಳು. “ಹಳೇ ಪೆಟ್ಟ ಮುಚ್ಚಿಟ್ಟಾರ ಅಂತಾರ್ರಿ ಅಕ್ಕಾರ. ನನಗೂ ಹೇಳಿಲ್ಲೇನು ಇವರು? ಮದಿವ್ಯಾಗಿ ನಾಕ ವರ್ಷ ಆತು.” ಅವನ ಮುಖ ನೋಡುತ್ತ ಕೇಳಿದಳು. ಸಿಟ್ಟಿತ್ತು, ಅವನ ಮೇಲೆ.

ಅವನು ನನ್ನನ್ನು ನೋಡಿದ. ಹೇಳಲಿಲ್ಲ. ಹೇಳಲಾಗದೆಯೋ, ಬೇಡವೆಂದೋ... ಗೊತ್ತಿಲ್ಲ.

ಏಪ್ರಿಲ್ 22

ಪತ್ರ ಕಳಿಸಿದೆ. ಲೀಗ್‌ಗೆ, ಆಸ್ಪತ್ರೆಯ ಡಾಕ್ಟರ್‌ಗೆ, ಕೋಚ್‌ಗೆ. ಮಾರ್ಚ್ 10ರಂದು ಕಂಡದ್ದು, ಬರೆದದ್ದು, ಆಮೇಲೆ ಹೇಳಿದ ಸುಳ್ಳು. ಮೊದಲೇ ಅಮೇಯರಿಗೆ ಓದಿ ಹೇಳಿದ್ದೆ.

“ಲೀಗs ಹೋತು. ಈಗ ಇದು ಯಾರಿಗೆ ಬೇಕ್ರಿ? ನಿಮ್ಮ ಪ್ರ್ಯಾಕ್ಟೀಸ್ ಹೋಗ್ತದ.”

“ಹೋಗ್ಲಿ.”

“ಅಂವಾ ಎದ್ದು ಓಡ್ತಾನೇನ್ರಿ ಇದರಿಂದ?”

ಇಲ್ಲ. ಓಡುವುದಿಲ್ಲ. ಈ ಪತ್ರ ಮಾರ್ಚ್ 10ರಂದು ಒಂದು ಸಾಲಿನಲ್ಲಿ ಮುಗಿಯುತ್ತಿತ್ತು.

ಏಪ್ರಿಲ್ 26, ಭಾನುವಾರ. ಸಂಜೆ 5

ಚಾಕಣಕ್ಕೆ ಹೋಗಿ ಬಂದೆ. ಶುಕ್ರವಾರ ಮನೆಗೆ ಬಿಟ್ಟಿದ್ದಾರೆ. ಒಂದು ಕೋಣೆ. ಬೆಳಕು ತಡೆಯುವುದಿಲ್ಲವೆಂದು ಕಿಟಕಿಗೆ ಹೊದಿಕೆ ಕಟ್ಟಿದ್ದಾರೆ. ಭವ್ಯಶ್ರೀ ಚಹಾ ಕೊಟ್ಟಳು. “ನೀವೊಬ್ಬರ ಬರ್ತೀರಿ ನೋಡ್ರಿ. ಉಳಿದಾವರು ಯಾರೂ ಈ ಕಡೆ ಹಾದಿಲ್ಲ,” ಅಂದಳು.

ಅದಕ್ಕೆ ಮೊದಲೇ ಹೇಳಬೇಕಿತ್ತು. ಲೋಟ ಕೆಳಗಿಟ್ಟು ಎಲ್ಲ ಹೇಳಿದೆ. ಬೆಂಚು, ಶನಿವಾರ, ಫಾರ್ಮ್, ಸಹಿ. ಅವನು ಏನನ್ನೂ ಮುಚ್ಚಿಟ್ಟಿಲ್ಲ ಅಂದೆ. ಮುಚ್ಚಿಟ್ಟವಳು ನಾನು.

ಹಾಸಿಗೆಯಿಂದ ಜಟ್ಟೆಪ್ಪ ಕೈ ಎತ್ತಿದ, ಬಲಗೈ. “ನಾ... ನಾನs... ಬ್ಯಾಡ ಅಂದೆ. ಬರೀ... ಬ್ಯಾಡ್ರಿ ಅಂದೆ.” ನನ್ನ ಪರವಾಗಿ. ಇಷ್ಟು ಉದ್ದ ಮಾತು ಅವನು ಆಡಿದ್ದು ಇದೇ ಮೊದಲಂತೆ.

ಭವ್ಯಶ್ರೀ ಅವನ ಬಾಯಿ ಒರೆಸಿದಳು. ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

“ಅವರ ತಲಿಗೆ ಪೆಟ್ಟ ಬಿದ್ದಿತ್ರಿ, ಏನರ ಅಂದಿರಬೇಕು. ನಿಮ್ಮ ತಲಿಗೇನೂ ಬಿದ್ದಿದ್ದಿಲ್ಲಲ್ರಿ?”

“ಇಲ್ಲ,” ಅಂದೆ. ಈ ಸಲ ಸುಳ್ಳಲ್ಲ.