ನನ್ನ ಕಡೆಯ ಬ್ರೇಕು

ಮಾರ್ಚ್ 4, ಮಂಗಳವಾರ

ಕ್ಲಚ್ ಆಂಟಿ ಇವತ್ತೂ ಕ್ಲಚ್ ಬಿಡಲಿಲ್ಲ. ಅರ್ಧ ಬಿಡಿ ಅಂದರೆ ಪೂರ್ತಿ ಒತ್ತುತ್ತಾರೆ. ಡ್ರೈವಿಂಗ್ ಕಲಿಸುವ ಕೆಲಸಕ್ಕೆ ಸೇರಿದಾಗ ನನಗೆ ತಾಳ್ಮೆ ಇತ್ತು. ಈಗ ಬ್ರೇಕ್ ಮಾತ್ರ ಇದೆ — ಟೀಚರ್ ಕಾಲ ಬಳಿಯೂ ಒಂದು ಇರುತ್ತದಲ್ಲ, ಅದು.

ಬಸ್ ಸ್ಟಾಪ್ ಹತ್ತಿರ ಒಬ್ಬ, ಒಬ್ಬಳ ಕೂದಲು ಹಿಡಿದು ಎಳೆಯುತ್ತಿದ್ದ. ಚಿಕ್ಕ ವಯಸ್ಸಿನವಳು. ಚಪ್ಪಲಿ ಒಂದು ಕಡೆ, ಬ್ಯಾಗು ಇನ್ನೊಂದು ಕಡೆ. ಸ್ಟಾಪಿನ ತುಂಬ ಜನ. ಎಲ್ಲರಿಗೂ ಅದೇ ಹೊತ್ತಿಗೆ ಫೋನಿನಲ್ಲಿ ಕೆಲಸ. ಒಬ್ಬ ಮಹಾನುಭಾವ ಬಸ್ಸು ಬಾರದ ದಿಕ್ಕಿಗೆ ತಿರುಗಿ ಬಸ್ಸು ಕಾಯುತ್ತಿದ್ದ.

ಬ್ರೇಕ್ ಒತ್ತಿದೆ. ಯೋಚನೆ ಮಾಡಿ ಅಲ್ಲ. ಇಳಿದು ಇಬ್ಬರ ನಡುವೆ ನಿಂತೆ.

"ನನ್ನ ಹೆಂಡ್ತಿ. ಇದು ನಮ್ಮನೆ ವಿಷ್ಯ," ಅಂದ.

"ಮನೆ ವಿಷ್ಯ ಆದ್ರೆ ಮನೇಲಿಟ್ಕೋ. ಇದು ಬಸ್ ಸ್ಟಾಪು."

ಕೈ ಎತ್ತಿದ. ಅದು ಇಳಿಯುವಷ್ಟರಲ್ಲಿ ಹುಡುಗಿಯನ್ನು ಹಿಂದಿನ ಸೀಟಿಗೆ ನೂಕಿ ನಾನೂ ಅವಳ ಪಕ್ಕ ತೂರಿಕೊಂಡೆ. ನನ್ನ ಬ್ರೇಕು ಮುಂದೆಯೇ ಉಳಿಯಿತು. ಹೊರಡಿ ಆಂಟಿ ಅಂದೆ. ಆಂಟಿ ಮೊದಲ ಸಲ ಕ್ಲಚ್ಚನ್ನು ಹದವಾಗಿ ಬಿಟ್ಟರು. ನೀರು ಕುಡಿದಷ್ಟು ಸಲೀಸಾಗಿ ಹೊರಟೆವು.

ಅದೇ ದಿನ, ಊಟ ಆದ ಮೇಲೆ

ಹುಡುಗಿ ಆಂಟಿ ಮನೆಯಲ್ಲಿದ್ದಾಳೆ. ಹಲ್ಲಿನ ಕ್ಲಿನಿಕ್‌ನಲ್ಲಿ ಕೆಲಸವಂತೆ. ಗಂಡನನ್ನು ಬಿಟ್ಟು ಹಾಸ್ಟೆಲ್ ಸೇರಿದ್ದಳು. ಅಲ್ಲಿಗೂ ಬಂದ. ಆಂಟಿ ಮನೆ ಅವನಿಗೆ ಗೊತ್ತಿಲ್ಲ. ಗೊತ್ತಾಗಲೇಬಾರದು.

ಊರ ಉಸಾಬರಿ ನಿನಗ್ಯಾಕೆ ಅಂತ ನಮ್ಮ ಯಜಮಾನರು ಬೈಯಲಿಲ್ಲ. ತಟ್ಟೆ ತೊಳೆಯುತ್ತಾ ಕೇಳಿದ್ದು ಒಂದೇ: "ಕಾರ್ ಮೇಲೆ ಬೋರ್ಡ್ ಇತ್ತಲ್ವಾ? ಸ್ಕೂಲ್ ಹೆಸ್ರು, ಫೋನ್ ನಂಬರ್?"

ಇತ್ತು. ಮೊಳದುದ್ದದ ಅಕ್ಷರಗಳಲ್ಲಿ. ನನಗೆ ಹೊಳೆದೇ ಇರಲಿಲ್ಲ.

ಮಾರ್ಚ್ 7

ಆಫೀಸಿಗೆ ಫೋನು ಬರುತ್ತಿದೆ. ಮಾತಿಲ್ಲ, ಬರೀ ಉಸಿರು. ನಾನು ನಡೆಸುತ್ತಿರುವುದು ಡ್ರೈವಿಂಗ್ ಸ್ಕೂಲು, ಸಮಾಜಸೇವೆ ಅಲ್ಲ ಅಂತ ಓನರ್ ಗೊಣಗಿದರು. ಹುಡುಗಿ ಕಂಪ್ಲೇಂಟ್ ಕೊಟ್ಟಿದ್ದಾಳೆ. ಪೊಲೀಸರು ಬಸ್ ಸ್ಟಾಪಿನಲ್ಲಿ ವಿಚಾರಿಸಿದರಂತೆ — ಯಾರೂ ಏನೂ ನೋಡಿಲ್ಲ.

ಮಾರ್ಚ್ 11

ಹೊಸಬನೊಬ್ಬ ಸೇರಿದ. ಕನ್ನಡಕ, ಇಸ್ತ್ರಿ ಶರ್ಟು, ಮಾತಿಗೊಮ್ಮೆ ಮೇಡಂ. ಲೇಡಿ ಟೀಚರೇ ಬೇಕು, ಅವರು ಬೈಯೋದಿಲ್ಲ ಅಂದನಂತೆ ಓನರ್ ಹತ್ತಿರ. ನಾನು ಬೈಯೋದಿಲ್ಲವಂತೆ! ಉಬ್ಬಿಹೋದೆ. ಬೆಳಿಗ್ಗೆ ಮೊದಲ ಕ್ಲಾಸೇ ಬೇಕು ಅಂದ, ಅದು ಆಂಟಿಗಿಂತ ಮುಂಚಿನದು, ಕೊಟ್ಟೆವು. ನಾಲ್ಕು ಸಲ ಇಂಜಿನ್ ಆಫ್ ಮಾಡಿದ, ಪಾಪ. ನಾಳೆ ಆಂಟಿ ಮನೆವರೆಗೂ ಅವನ ಕೈಲೇ ಓಡಿಸಬೇಕು. ನಮ್ಮಲ್ಲಿ ಹಾಗೇ, ಒಬ್ಬರ ಕ್ಲಾಸು ಮುಗಿಯುವುದು ಮುಂದಿನವರ ಗೇಟಿನ ಎದುರು.

ಮಾರ್ಚ್ 12, ಬೆಳಿಗ್ಗೆ ಎಂಟು ಗಂಟೆ, ಆಂಟಿ ಮನೆ

ಡೈರಿ ಬ್ಯಾಗಿನಲ್ಲೇ ಇತ್ತು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು.

ಆಂಟಿ ಬೀದಿಗೆ ತಿರುಗುವಾಗ ಅವನು ಗೇರ್ ಇಳಿಸಿದ. ನೋಡದೆ. ಎರಡನೇ ದಿನಕ್ಕೆ ಯಾರೂ ಗೇರ್ ನೋಡದೆ ಹಾಕುವುದಿಲ್ಲ. ಇವನಿಗೆ ಓಡಿಸಲು ಬರುತ್ತದೆ. ನಿನ್ನೆಯದೆಲ್ಲ ನಾಟಕ. ನಡುರಸ್ತೆಯಲ್ಲೇ ಬ್ರೇಕ್ ಒತ್ತಿದೆ.

"ಯಾಕೆ ಮೇಡಂ? ಆಂಟಿ ಮನೆ ಇನ್ನೂ ಮುಂದೆ ಅಲ್ವಾ?"

ಮುಂದಿನವರು ಆಂಟಿ ಅಂತ ನಾನು ಹೇಳಿಯೇ ಇರಲಿಲ್ಲ.

ಅವನು ಆಕ್ಸಿಲರೇಟರ್, ನಾನು ಬ್ರೇಕ್. ಇಂಜಿನ್ ಒದ್ದಾಡಿ ನಿಂತಿತು. ಫೋನ್ ತೆಗೆದೆ. ಬಲಗೈ ತಿರುಚಿ ಕಿತ್ತುಕೊಂಡ. ಅವಳ ಗಂಡ ನನ್ನ ಫ್ರೆಂಡು, ಮನೆ ಯಾವುದು ತೋರಿಸಿ, ಅಷ್ಟೇ ಸಾಕು ಅಂದ. ಆಗಲೂ ಮೇಡಂ ಬಿಡಲಿಲ್ಲ. ಎಡಗೈ ಚಾಚಿ ಹಾರ್ನ್ ಒತ್ತಿ ಹಿಡಿದೆ. ಬಾಲ್ಕನಿಗಳಿಗೆ ಜನ ಬಂದರು. ನೋಡಿದರು. ಒಬ್ಬಾಕೆ ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು. ಸ್ಕೂಟರಿನವರು ಪಕ್ಕದಲ್ಲಿ ಜಾಗ ಮಾಡಿಕೊಂಡು ಹೋದರು. ಅಷ್ಟು ಜನರ ಎದುರು ಅಷ್ಟು ಒಂಟಿ ನಾನು ಎಂದೂ ಆಗಿರಲಿಲ್ಲ.

ನನ್ನ ಕಡೆಯ ಬಾಗಿಲು ತೆರೆಯಿತು. ಹುಡುಗಿ. ಬರಿಗಾಲು.

"ಅಕ್ಕನ ಕೈ ಬಿಡು."

ಹಿಂದೆ ಆಂಟಿ, ನೆಲ ಒರೆಸುವ ಕೋಲು ಹಿಡಿದು. ಅವನು ಕೈ ಬಿಟ್ಟ. ಅವಳ ಮುಖ ನೋಡಿದ, ಅವಳು ಬಂದ ಗೇಟು ನೋಡಿದ. ಬಂದ ಕೆಲಸ ಆಯಿತಲ್ಲ. ಫೋನನ್ನು ಸೀಟಿನ ಮೇಲಿಟ್ಟು ಇಳಿದು ಹೋದ. ಓಡಲೂ ಇಲ್ಲ.

ಯಾಕೆ ಹೊರಗೆ ಬಂದೆ, ಸತ್ತರೂ ಹೇಳುತ್ತಿರಲಿಲ್ಲ ನಾನು, ಎಲ್ಲಾ ಹಾಳು ಮಾಡಿದೆ ಅಂತ ಬೈದೆ. ಬೈಯುತ್ತಲೇ ಅತ್ತೆ.

"ಬೇರೆ ಯಾರೂ ಬರ್ತಿರ್ಲಿಲ್ಲ ಅಕ್ಕ," ಅಂದಳು.

ಎಂಟೂ ಮುಕ್ಕಾಲು

ಪೊಲೀಸಿಗೆ ಫೋನ್ ಮಾಡಿದೆವು. ಠಾಣೆಗೇ ಬನ್ನಿ ಅಂದರು. ಬೀದಿ ತುದಿಯಲ್ಲಿ ಕನ್ನಡಕದವನು ನಿಂತಿದ್ದಾನೆ. ಪಕ್ಕದಲ್ಲಿ ಅವಳ ಗಂಡ. ಹೋಗಲು ಅದೊಂದೇ ದಾರಿ. ನನ್ನ ಕೈ ಊದಿಕೊಂಡಿದೆ, ಸ್ಟೀರಿಂಗ್ ಹಿಡಿಯಲು ಆಗುವುದಿಲ್ಲ. ಆಂಟಿ ಓಡಿಸುತ್ತಾರಂತೆ. ಅವರಿಬ್ಬರು ಅಡ್ಡ ಬಂದರೂ ನೀನು ಬ್ರೇಕ್ ಮುಟ್ಟಬೇಡ ಅಂದಿದ್ದಾರೆ. ಹುಡುಗಿ ಹಿಂದೆ ಕೂತಾಯಿತು. ಇಂಜಿನ್ ಶುರುವಾಯಿತು. ಆಫ್ ಆಗಲಿಲ್ಲ. ಬೇಗ ಬಾ ಅಂತ ಆಂಟಿ ಹಾರ್ನ್ ಹೊಡೆಯುತ್ತಿದ್ದಾರೆ, ನಾನು—